ಕಾಸಿಮೇಡಿನ ಶಲ್ಕಭಕ್ಷಕ

ಮದರಾಸಿನ ಉತ್ತರದಂಚಿನಲ್ಲಿ, ರಾಯಪುರಕ್ಕೆ ಹೊಂದಿಕೊಂಡಿರುವ ಕಾಸಿಮೇಡಿನ ಕಡಲತೀರದಲ್ಲಿ, 1980ರ ದಶಕದಲ್ಲಿ ಈಗಿನ ಮೀನುಗಾರಿಕೆಯ ಬಂದರು ತಲೆಯೆತ್ತುವುದಕ್ಕೆ ಬಹುಕಾಲ ಮೊದಲಿನಿಂದಲೂ ಕಟ್ಟುಮರಗಳು ನೊರೆತೆರೆಗಳನ್ನು ದಾಟಿಬಂದು ಮರಳಿನ ಮೇಲೆ ಮೀನನ್ನು ಸುರಿಯುತ್ತಿದ್ದವು. ಆ ರಾಶಿಯಲ್ಲಿ ಅಂಜಲು, ಮಾಂಜಿಗಳಿಗೆ ಸಲ್ಲುವ ಮನ್ನಣೆ ಸಲ್ಲದ ಮೀನೊಂದುಂಟು. ಬೆಳ್ಳಿಯ ಮೈಯ ಮೇಲೆ ಬಿಲ್ಲಿನಂತೆ ಬಾಗಿದ ಮೂರು ಕಪ್ಪು ಪಟ್ಟೆಗಳುಳ್ಳ ಇದನ್ನು ತಮಿಳು ಮೀನುಗಾರರು ಕೀಚ್ಚಾನ್ ಎನ್ನುವರು, ಶಾಸ್ತ್ರಜ್ಞರು ಟೆರಾಪಾನ್ ಜಾರ್ಬುವಾ ಎನ್ನುವರು.

ಶಾಸ್ತ್ರದಲ್ಲಿ ಇದರ ಚರಿತ್ರೆ ಕೆಂಪುಸಮುದ್ರದಲ್ಲಿ ಮೊದಲಾಗುತ್ತದೆ. ಡೆನ್ಮಾರ್ಕಿನ ಅರಸನು ಕಳುಹಿಸಿದ ತಂಡದೊಡನೆ ಅರೇಬಿಯಕ್ಕೆ ಹೋಗಿ 1763ರಲ್ಲಿ ಯೆಮೆನಿನಲ್ಲಿ ಮಡಿದ ಫೋರ್ಸ್‌ಕಾಲ್ ಎಂಬ ತರುಣ ವಿದ್ವಾಂಸನ ಟಿಪ್ಪಣಿಗಳು 1775ರಲ್ಲಿ ಅಚ್ಚಾದಾಗ ಈ ಮೀನಿನ ವರ್ಣನೆಯೂ ಬೆಳಕು ಕಂಡಿತು. ನೂರು ವರ್ಷಗಳ ತರುವಾಯ, 1875ರಿಂದ 1878ರವರೆಗೆ ಪ್ರಕಟವಾದ ‘ಭಾರತದ ಮೀನುಗಳು’ ಎಂಬ ಬೃಹದ್ಗ್ರಂಥದಲ್ಲಿ ಮದರಾಸಿನ ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ ಇದಕ್ಕೆ ಎಡೆಗೊಟ್ಟನು. (1639ರಲ್ಲಿ ಮದರಾಸಿಗೆ ಬುನಾದಿ ಹಾಕಿದ ಫ್ರಾನ್ಸಿಸ್ ಡೇ ಬೇರೆ.) ಆದರೆ ರೆಕ್ಕೆಯ ಮುಳ್ಳುಗಳನ್ನು ಎಣಿಸಿ ಆಕಾರವನ್ನು ನಿರ್ಣಯಿಸಿದ ಆ ಪಾಂಡಿತ್ಯಕ್ಕೆ ಇದರ ಬಾಳುವೆಯ ಅತ್ಯಂತ ವಿಲಕ್ಷಣವಾದ ಅಂಶ ಗೋಚರಿಸಲಿಲ್ಲ. 1978ರಲ್ಲಿ ದಕ್ಷಿಣ ಆಫ್ರಿಕದ ಅಳಿವೆಗಳಲ್ಲಿ ಇದನ್ನು ಅಭ್ಯಸಿಸಿದ ವಿಟ್‌ಫೀಲ್ಡ್ ಮತ್ತು ಬ್ಲೇಬರ್ ಎಂಬವರು, ಇದರ ಮರಿಗಳು ಜೀವಂತ ಮೀನುಗಳ ಮೈಯಿಂದ ಹುರುಪೆಯನ್ನು, ಎಂದರೆ ಶಲ್ಕವನ್ನು, ಕಿತ್ತು ತಿನ್ನುವುದನ್ನು ವರದಿಮಾಡಿದರು.

ಹುರುಪೆ ನಿಸ್ಸಾರವೆಂದು ನಾವು ಅಡುಗೆಮನೆಯಲ್ಲಿ ಹೆರೆದೆಸೆಯುವೆವಾದರೂ, ಅದರ ಸುಣ್ಣಾಂಶದೊಡನೆ ಸಸಾರಜನಕವೂ, ಮೇಲೆ ಹತ್ತಿದ ಲೋಳೆಯೂ ಇರುವುದರಿಂದ ಅದು ನಿಜವಾದ ಆಹಾರವೇ. ಮೇಲಾಗಿ ಕಿತ್ತೆಡೆಯಲ್ಲಿ ಹೊಸ ಹುರುಪೆ ಬೆಳೆಯುವುದರಿಂದ, ಉಂಡವನೂ ಬದುಕುವನು, ಉಣಿಸಾದವನೂ ಸಾಮಾನ್ಯವಾಗಿ ಬದುಕುವನು. ಈ ವೃತ್ತಿಯ ಪರಾಕಾಷ್ಠೆಯನ್ನು ಕಾಣಬೇಕಾದರೆ ದಕ್ಷಿಣ ಅಮೆರಿಕದ ಸಿಹಿನೀರಿಗೆ ಹೋಗಬೇಕು. ಅಮೆಜಾನ್, ಒರಿನೋಕೊ ನದಿಗಳಲ್ಲಿರುವ, ಪಿರಾನ್ಹಾದ ದಾಯಾದಿಯಾದ ಕ್ಯಾಟೊಪ್ರಿಯಾನ್ ಮೆಂಟೊ ಎಂಬ ಮೀನಿನ ಹಲ್ಲುಗಳು ಹೊರಮುಖವಾಗಿ ಚಾಚಿಕೊಂಡಿವೆ. ಅದು ಬಾಯನ್ನು ಅಗಲವಾಗಿ ತೆರೆದುಕೊಂಡೇ ಅತಿವೇಗದಿಂದ ಬೇಟೆಯ ಪಕ್ಕೆಗೆ ಢಿಕ್ಕಿಹೊಡೆದು, ಆ ಆಘಾತದಿಂದ ಎದ್ದ ಹುರುಪೆಗಳನ್ನು ನುಂಗುತ್ತದೆ. ಆಫ್ರಿಕದ ಟಾಂಗನ್ಯಿಕ ಸರೋವರದ ಶಲ್ಕಭಕ್ಷಕಗಳ ಬಾಯಿಯಾದರೋ ಎಡಕ್ಕೋ ಬಲಕ್ಕೋ ಸೊಟ್ಟಗಿದ್ದು, ಒಂದೊಂದು ಬಗೆಯದೂ ಬೇಟೆಯ ಒಂದೊಂದು ಪಾರ್ಶ್ವವನ್ನೇ ಆಶ್ರಯಿಸುವುದು. ಒಂದು ಬಗೆ ಹೆಚ್ಚಿದರೆ ಬೇಟೆಗಳು ಆ ಪಾರ್ಶ್ವವನ್ನು ಕಾಯತೊಡಗಿ, ಇನ್ನೊಂದು ಬಗೆಗೆ ಅನುಕೂಲವಾಗುವುದರಿಂದ ಎರಡೂ ಉಳಿದುಬಂದಿವೆಯೆಂದು 1993ರಲ್ಲಿ ಜಪಾನಿನ ಮಿಚಿಯೊ ಹೋರಿ ಪ್ರತಿಪಾದಿಸಿದರು.

ನಮ್ಮ ಕೀಚ್ಚಾನಿಗೆ ಅಂತಹ ವಿಶೇಷಾಂಗಗಳಿಲ್ಲ. ಬಾಲ್ಯದಲ್ಲಿ ಹುರುಪೆ, ಪ್ರಾಯದಲ್ಲಿ ಸಣ್ಣ ಮೀನು, ಸಿಗಡಿ, ಹುಳುಗಳು ಇದರ ಆಹಾರ. ಕಡಲಲ್ಲಿ ಹುಟ್ಟಿದ ಮರಿಗಳು ಬೆಳೆಯಲು ಅಳಿವೆಗಳನ್ನು ಅರಸಿ ಬರುತ್ತವೆ. ಕಾಸಿಮೇಡಿಗೆ ಬಡಗಲಲ್ಲಿರುವ ಎಣ್ಣೂರಿನ ಅಳಿವೆಯಾದರೋ ಉಷ್ಣವಿದ್ಯುತ್ ಸ್ಥಾವರಗಳ ಬೂದಿಯಿಂದ ಹೂಳು ತುಂಬಿ, 2023ರ ಡಿಸೆಂಬರಿನ ನೆರೆಯಲ್ಲಿ ಹರಿದುಬಂದ ಎಣ್ಣೆಯಿಂದ ಕರಿದಾಗಿ ನರಳಿದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಮೀನಿನ ಶೈಶವವೂ ರಕ್ಷಣೆಗೆ ಅರ್ಹವೆಂದು ಬಗೆದು, ಸರಕಾರವೂ ನಗರದ ಜನರೂ ಆ ಅಳಿವೆಯನ್ನು ಶುದ್ಧಗೊಳಿಸುವ ಕಾರ್ಯಕ್ಕೆ ಇನ್ನು ತಡಮಾಡದೆ ಕೈಹಾಕಬೇಕು.