ಪಾಳಿ ಮುಗಿದ ಮೇಲೆ ಮೊಬೈಲ್ ಕರೆ: ಕಾನೂನು ಏನನ್ನುತ್ತದೆ?

ದಾಬಸ್‌ಪೇಟೆ: ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ಶಿವಗಂಗೆಯ ಯಾತ್ರಿಕರು ಇಳಿಯುವ ಊರೆಂದೇ ಪರಿಚಿತವಾಗಿದ್ದ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಪಾಳಿಗಳ ಊರೂ ಆಗಿದೆ. ಕಾರ್ಖಾನೆಯೊಳಗಿನ ದುಡಿಮೆಗೆ ಹಾಜರಿ ದಾಖಲೆಯೇ ಸಾಕ್ಷಿ. ಆದರೆ ಮನೆಗೆ ಮರಳಿದ ನೌಕರನಿಗೆ ಬರುವ ಕರೆ, ವಾಟ್ಸ್‌ಆ್ಯಪ್ ಸಂದೇಶಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಇವಕ್ಕೆ ಉತ್ತರಿಸದೆ ಇರುವ ಸ್ವಾತಂತ್ರ್ಯವೇ ‘ಸಂಪರ್ಕ ಕಡಿತದ ಹಕ್ಕು’.

ಹಕ್ಕಿನ ಮೂಲ: ಕೆಲಸದ ಅವಧಿಯ ಹೊರಗೆ ಸ್ವಂತ ಮೊಬೈಲ್‌ನಲ್ಲಿ ಸಿಗದಿರುವುದು ನೌಕರನ ತಪ್ಪಲ್ಲ ಎಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ತೀರ್ಪಿತ್ತಿತು. 50ಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಈ ಕುರಿತು ಕಾರ್ಮಿಕ ಸಂಘಗಳೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನು ಅಲ್ಲಿ 2017ರ ಜನವರಿ 1ರಿಂದ ಜಾರಿಯಾಯಿತು. ಪೋರ್ಚುಗಲ್ 2021ರಲ್ಲಿ ಕಾನೂನು ರೂಪಿಸಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಂದು ಈ ಹಕ್ಕು ಜಾರಿಗೆ ಬಂದು, ಮರುವರ್ಷ ಸಣ್ಣ ಉದ್ದಿಮೆಗಳಿಗೂ ವಿಸ್ತರಿಸಿತು.

ಭಾರತದಲ್ಲಿ: ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಹಾಗೂ ಮತ್ತೆ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಈ ಕುರಿತು ಖಾಸಗಿ ಮಸೂದೆ ಮಂಡಿಸಿದರು. ಆದರೆ 1970ರ ನಂತರ ಯಾವ ಖಾಸಗಿ ಮಸೂದೆಯೂ ಸಂಸತ್ತಿನ ಅಂಗೀಕಾರ ಪಡೆದಿಲ್ಲ.

2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯು 1948ರ ಕಾರ್ಖಾನೆ ಕಾಯ್ದೆಯ ಸ್ಥಾನಕ್ಕೆ ಬಂದಿದೆ. ದಿನಕ್ಕೆ 8 ಗಂಟೆಯ ದುಡಿಮೆ, ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಮತ್ತು ಇಮ್ಮಡಿ ವೇತನ ಎಂಬುದು ಅದರ ನಿಯಮ. ಆದರೆ ಮಾಸಿಕ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲ. ಯಂತ್ರ ಕೆಟ್ಟಾಗ, ಕೈಯಾಳು ಬಾರದಿದ್ದಾಗ ಮೊದಲು ಕರೆ ಹೋಗುವುದು ಅವರಿಗೇ.

ರಾಜ್ಯದಲ್ಲಿ: ಐಟಿ ಕಂಪನಿಗಳು ಕಾರ್ಖಾನೆಯಲ್ಲ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಯವು. ಅವುಗಳಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ನೀಡುವ ಪ್ರಸ್ತಾವ 2024ರ ಜುಲೈನಲ್ಲಿ ಬಂದಾಗ, ಐಟಿ ನೌಕರರ ಸಂಘ ತೀವ್ರವಾಗಿ ವಿರೋಧಿಸಿತು. ಚರ್ಚೆ ಗಂಟೆಗಳ ಸುತ್ತಲೇ ನಡೆಯಿತೇ ಹೊರತು, ಆ ಗಂಟೆಗಳಾಚೆಗಿನ ಕರೆಗಳು ಹಿಂದೆಯೇ ಉಳಿದವು.

ಪಾಳಿಯೇ ಅಳತೆಗೋಲು: ‘ಸಂಜೆ ಆರರ ನಂತರ ಕರೆ ಬೇಡ’ ಎಂಬ ನಿಯಮ ನಗರದ ಕಚೇರಿಗೆ ಒಪ್ಪಬಹುದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿದವನಿಗೆ ಅದರಿಂದ ಉಪಯೋಗವಿಲ್ಲ. ಕಚೇರಿ ತೆರೆದು ಕರೆಗಳು ಆರಂಭವಾಗುವುದು ಅವನ ನಿದ್ದೆಯ ಹೊತ್ತಿನಲ್ಲೇ. ನಿದ್ದೆಗೆಟ್ಟು ಮರುರಾತ್ರಿ ಯಂತ್ರದ ಮುಂದೆ ನಿಂತರೆ ಅಪಾಯಕ್ಕೀಡಾಗುವುದು ಅವನ ಕೈಬೆರಳುಗಳು. ಆದ್ದರಿಂದ ಕೈಗಾರಿಕಾ ಪ್ರದೇಶಗಳಲ್ಲಿ ವಿಶ್ರಾಂತಿಯನ್ನು ಗಡಿಯಾರದಿಂದಲ್ಲ, ಪ್ರತಿಯೊಬ್ಬರ ಪಾಳಿಯಿಂದ ಎಣಿಸಬೇಕಾಗುತ್ತದೆ.

ತುರ್ತು ಕರೆಗಳನ್ನು ಪೂರ್ತಿ ನಿಲ್ಲಿಸಲಾಗದು ಎಂಬುದೂ ದಿಟ. ಕರೆ ನಿರಾಕರಿಸಿದ್ದು ಸರಿಯೇ ಎಂದು ತೀರ್ಮಾನಿಸುವಾಗ ಆಸ್ಟ್ರೇಲಿಯಾದ ಕಾನೂನು ಕರೆಯ ಕಾರಣ, ಲಭ್ಯನಿರುವುದಕ್ಕೆ ನೀಡುವ ಭತ್ಯೆ, ನೌಕರನ ಹೊಣೆಗಾರಿಕೆ ಹಾಗೂ ಕುಟುಂಬದ ಪರಿಸ್ಥಿತಿಗಳನ್ನು ಪರಿಗಣಿಸುತ್ತದೆ. ಇಲ್ಲಿ ಇಂಥ ಕಾನೂನು ಬರುವವರೆಗೆ, ಪಾಳಿ ಮುಗಿದವರಿಗೆ ಯಾವ ಕಾರಣಕ್ಕೆ ಕರೆ ಮಾಡಬಹುದು, ಅದಕ್ಕೆ ಭತ್ಯೆ ಎಷ್ಟು ಎಂಬುದನ್ನು ಆಡಳಿತ ವರ್ಗ ಹಾಗೂ ನೌಕರರು ಲಿಖಿತ ಒಪ್ಪಂದದಲ್ಲಿ ನಿಗದಿಪಡಿಸಿಕೊಳ್ಳಲು ಅಡ್ಡಿಯಿಲ್ಲ.