ಹಂದಿ ತಳಿಗಳಲ್ಲಿ ಆಹಾರಶಕ್ತಿಯ ಬಳಕೆ

ಹಂದಿಗಳು ಸೇವಿಸಿದ ಆಹಾರದ ಶಕ್ತಿಯು ದೇಹಧಾರಣೆ, ಮಾಂಸ ಮತ್ತು ಕೊಬ್ಬಿನ ನಡುವೆ ಹಂಚಿಕೆಯಾಗುವ ಪ್ರಮಾಣ ತಳಿಯಿಂದ ತಳಿಗೆ ಭಿನ್ನವಾಗಿರುತ್ತದೆ. ಹಂದಿ ಸಾಕಣೆಯ ಖರ್ಚಿನಲ್ಲಿ ಆಹಾರದ ಪಾಲೇ ಅತಿ ದೊಡ್ಡದಾದ್ದರಿಂದ ಪಶುಪೋಷಣಾ ಶಾಸ್ತ್ರದಲ್ಲಿ ಈ ವಿಷಯಕ್ಕೆ ಮಹತ್ವವಿದೆ.

ಶಕ್ತಿಯ ಹಂತಗಳು

ಆಹಾರದ ಒಟ್ಟು ಶಕ್ತಿಯಲ್ಲಿ ಸಗಣಿಯ ಮೂಲಕ ಹೊರಹೋಗುವ ಭಾಗವನ್ನು ಕಳೆದರೆ ಜೀರ್ಣವಾಗುವ ಶಕ್ತಿ ದೊರೆಯುತ್ತದೆ. ಅದರಿಂದ ಮೂತ್ರ ಮತ್ತು ಅನಿಲಗಳಲ್ಲಿ ನಷ್ಟವಾಗುವುದನ್ನು ಕಳೆದರೆ ಚಯಾಪಚಯ ಶಕ್ತಿ, ಆಹಾರವನ್ನು ಬಳಸಿಕೊಳ್ಳುವಾಗ ಹೊರಬೀಳುವ ಶಾಖವನ್ನೂ ಕಳೆದರೆ ನಿವ್ವಳ ಶಕ್ತಿ ಉಳಿಯುತ್ತದೆ. ಉಸಿರಾಟ, ರಕ್ತಪರಿಚಲನೆ, ದೇಹದ ಉಷ್ಣತೆ ಮುಂತಾದ ದೇಹಧಾರಣೆಯ ಅಗತ್ಯಗಳು ಪೂರೈಸಿದ ನಂತರವೇ ಬೆಳವಣಿಗೆಗೆ ಶಕ್ತಿ ಲಭಿಸುತ್ತದೆ. ಯಕೃತ್ತು, ಕರುಳು ಮೊದಲಾದ ಅಂಗಗಳು ತಮ್ಮ ತೂಕಕ್ಕೆ ಹೋಲಿಸಿದರೆ ಹೆಚ್ಚು ಶಕ್ತಿಯನ್ನು ವ್ಯಯಿಸುವುದರಿಂದ, ಅವುಗಳ ಗಾತ್ರದಲ್ಲಿನ ತಳಿಭೇದವೂ ಈ ಅಗತ್ಯದ ಮೇಲೆ ಪರಿಣಾಮ ಬೀರುತ್ತದೆ.

ಮಾಂಸ ಮತ್ತು ಕೊಬ್ಬು

1 ಗ್ರಾಂ ಕೊಬ್ಬಿನಲ್ಲಿ ಸುಮಾರು 39 ಕಿಲೋಜೂಲ್, 1 ಗ್ರಾಂ ಪ್ರೋಟೀನಿನಲ್ಲಿ ಸುಮಾರು 24 ಕಿಲೋಜೂಲ್ ಶಕ್ತಿ ಇರುತ್ತದೆ. ಚಯಾಪಚಯ ಶಕ್ತಿಯನ್ನು ಕೊಬ್ಬಾಗಿ ಶೇಖರಿಸುವ ದಕ್ಷತೆ ಪ್ರೋಟೀನಾಗಿ ಶೇಖರಿಸುವುದಕ್ಕಿಂತ ಹೆಚ್ಚು. ಆದರೂ ಕೊಬ್ಬಿಲ್ಲದ ಮಾಂಸದ ಸುಮಾರು ಮುಕ್ಕಾಲು ಭಾಗ ನೀರೇ ಆಗಿದ್ದು, ಕೊಬ್ಬಿನ ಅಂಗಾಂಶದಲ್ಲಿ ನೀರು ಬಹಳ ಕಡಿಮೆ. ಹೀಗಾಗಿ 1 ಕಿಲೋಗ್ರಾಂ ತೂಕ ಹೆಚ್ಚಿಸಿಕೊಳ್ಳಲು ಮಾಂಸಲ ತಳಿಗಳಿಗೆ ಕೊಬ್ಬಿನ ತಳಿಗಳಿಗಿಂತ ಕಡಿಮೆ ಆಹಾರ ಸಾಕಾಗುತ್ತದೆ.

ಪ್ರಮುಖ ತಳಿಗಳು

* ಪಿಯೆಟ್ರೇನ್: ಬೆಲ್ಜಿಯಂ ಮೂಲದ, ಅತಿ ಮಾಂಸಲವಾದ ತಳಿ. ಶಕ್ತಿಯ ಹೆಚ್ಚಿನ ಪಾಲು ಸ್ನಾಯುಗಳ ಬೆಳವಣಿಗೆಗೆ ಸಲ್ಲುತ್ತದೆ.
* ಲಾರ್ಜ್ ವೈಟ್ ಯಾರ್ಕ್‌ಶೈರ್ ಮತ್ತು ಲ್ಯಾಂಡ್ರೇಸ್: ಕ್ರಮವಾಗಿ ಇಂಗ್ಲೆಂಡ್ ಮತ್ತು ಡೆನ್ಮಾರ್ಕ್ ಮೂಲದವು. ವೇಗವಾದ ಬೆಳವಣಿಗೆಗಾಗಿ ದೀರ್ಘಕಾಲದ ಆಯ್ಕೆಗೆ ಒಳಗಾಗಿವೆ.
* ಐಬೀರಿಯನ್: ಸ್ಪೇನಿನ ನೈಋತ್ಯ ಭಾಗದಲ್ಲಿ ಓಕ್ ಮರಗಳ ಕಾಯಿಗಳನ್ನು ತಿಂದು ಕೊಬ್ಬುವ ತಳಿ. ಈ ಕಾಯಿಗಳಲ್ಲಿ ಪಿಷ್ಟ ಹೆಚ್ಚು, ಪ್ರೋಟೀನ್ ಕಡಿಮೆ.
* ಮೆಯ್‌ಶಾನ್: ಚೀನಾದ ತಾಯಿಹು ಸರೋವರ ಪ್ರದೇಶದ್ದು. ನಿಧಾನವಾಗಿ ಬೆಳೆದು ಹೆಚ್ಚು ಕೊಬ್ಬು ಶೇಖರಿಸುತ್ತದೆ; ಹೆಚ್ಚು ಮರಿ ಹಾಕುವುದಕ್ಕೆ ಹೆಸರಾಗಿದೆ.
* ಮಂಗಲಿತ್ಸಾ: ಹಂಗೇರಿಯಲ್ಲಿ ಕೊಬ್ಬಿಗಾಗಿಯೇ ಬೆಳೆಸಿದ ಉಣ್ಣೆಯಂಥ ಕೂದಲಿನ ತಳಿ. ಹಂದಿಕೊಬ್ಬಿನ ಬೇಡಿಕೆ ಕುಸಿದುದರಿಂದ 20ನೇ ಶತಮಾನದ ಉತ್ತರಾರ್ಧದಲ್ಲಿ ಅಳಿವಿನ ಅಂಚಿಗೆ ತಲುಪಿ, ಬಳಿಕ ಚೇತರಿಸಿಕೊಂಡಿತು.

ಆಹಾರ ಯೋಜನೆಯಲ್ಲಿ ಮಹತ್ವ

ಪ್ರತಿ ತಳಿಗೂ ದಿನವೊಂದಕ್ಕೆ ಶೇಖರಿಸಬಲ್ಲ ಪ್ರೋಟೀನಿನ ಮಿತಿಯಿದೆ. ಐಬೀರಿಯನ್‌ನಂತಹ ತಳಿಗಳಲ್ಲಿ ಈ ಮಿತಿ ಕಡಿಮೆ. ಅವುಗಳಿಗೆ ಅಧಿಕ ಪ್ರೋಟೀನ್ ನೀಡಿದರೆ ಹೆಚ್ಚುವರಿ ಅಮೈನೋ ಆಮ್ಲಗಳು ವಿಭಜನೆಗೊಂಡು, ಸಾರಜನಕವು ಮೂತ್ರದಲ್ಲಿ ಹೊರಹೋಗುತ್ತದೆ. ಇದರಿಂದ ಖರ್ಚೂ ಪರಿಸರ ಮಾಲಿನ್ಯವೂ ಹೆಚ್ಚುತ್ತವೆ. ಇದಕ್ಕೆ ವಿರುದ್ಧವಾಗಿ, ಮಾಂಸಲ ತಳಿಗೆ ಪ್ರೋಟೀನ್ ಸಾಲದಿದ್ದರೆ ಸ್ನಾಯುಗಳ ಬೆಳವಣಿಗೆ ಕುಂಠಿತವಾಗಿ, ಉಳಿದ ಶಕ್ತಿ ಕೊಬ್ಬಾಗುತ್ತದೆ. ಭಾರತದಲ್ಲಿ ಸಂಕರಣಕ್ಕೆ ಲಾರ್ಜ್ ವೈಟ್ ಯಾರ್ಕ್‌ಶೈರ್ ವ್ಯಾಪಕವಾಗಿ ಬಳಕೆಯಲ್ಲಿದೆ. ಇಂತಹ ಮಿಶ್ರತಳಿಗಳನ್ನು ಹೋಟೆಲುಗಳ ಉಳಿಕೆ ಆಹಾರದಲ್ಲಿ ಮಾತ್ರ ಸಾಕಿದಾಗ, ಅದರಲ್ಲಿ ಪ್ರೋಟೀನ್ ಕಡಿಮೆಯಿದ್ದರೆ ತಳಿಯ ಪೂರ್ಣ ಸಾಮರ್ಥ್ಯ ಪ್ರಕಟವಾಗುವುದಿಲ್ಲ.