ಹಿತ್ತಿಲ ಓಣಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ, ಒಂದು ಕೈಗಾಡಿ ಹಾಯುವಷ್ಟೇ ಅಗಲವಾಗಿ, ತನಗೊಂದು ಹೆಸರಿಲ್ಲದೆ ಸಾಗುವ ಓಣಿಯೊಂದುಂಟು. ಹಿರಿಯರು ಅದನ್ನು ಕನ್ಸರ್ವೆನ್ಸಿ ಓಣಿ ಎನ್ನುವರು. ನಾನು ಒಂದು ಅವಧಿಗೆ ನಗರಪಾಲಿಕೆಯ ಸದಸ್ಯನಾಗಿದ್ದಾಗ ನನ್ನ ವಾರ್ಡಿನಿಂದ ಬಂದ ಮೊದಲನೆಯ ಅರ್ಜಿಯೂ ಕಡೆಯ ಅರ್ಜಿಯೂ ಈ ಓಣಿಯನ್ನು ಕುರಿತವೇ ಆಗಿದ್ದುವು. ಅರ್ಜಿಗಳ ಕಟ್ಟನ್ನು ಬಿಚ್ಚಿ ಓದುತ್ತ ಹೋದಂತೆ, ಈ ಓಣಿಯನ್ನು ನಕ್ಷೆಯ ಮೇಲೆ ಎಳೆದವರು ಯಾರು, ಯಾರನ್ನು ಕೇಳಿ ಎಳೆದರು ಎಂಬ ಕುತೂಹಲವು ನನ್ನಲ್ಲಿ ಹುಟ್ಟಿತು.

ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳಲಾಗುವ ಊರು ಬಡಾವಣೆಗಳ ಊರಲ್ಲ, ಪೇಟೆಗಳ ಊರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಸರಕಿನ ಅಥವಾ ಕಸುಬಿನ ಹೆಸರನ್ನೇ ಹೊತ್ತ ಆ ಬೀದಿಗಳಲ್ಲಿ ಮನೆಯೂ ಅಂಗಡಿಯೂ ಒಂದೇ ಆಗಿದ್ದುವು. ಜಗಲಿಯನ್ನು ಎಷ್ಟು ಮುಂದಕ್ಕೆ ಚಾಚಬಹುದು, ಬಚ್ಚಲ ನೀರು ಯಾವ ಕಡೆಗೆ ಹರಿಯಬೇಕು ಎಂಬ ವ್ಯಾಜ್ಯಗಳನ್ನು ಆಯಾ ಕುಲದ ಯಜಮಾನರು ಗುಡಿಯ ಮುಂದೆಯೋ ಅರಳಿಕಟ್ಟೆಯ ಮೇಲೆಯೋ ಕುಳಿತು ತೀರಿಸುತ್ತಿದ್ದರು. ಇದನ್ನು ಸ್ಮರಿಸಿ ನಿಟ್ಟುಸಿರುಬಿಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಆದರೆ ಕಟ್ಟೆಯ ಮೇಲೆ ಕುಳಿತುಕೊಳ್ಳಲು ಯೋಗ್ಯರೆನಿಸಿದವರು ಎಷ್ಟು ಮಂದಿ, ಕೆಳಗೆ ನಿಂತವರು ಎಷ್ಟು ಮಂದಿ ಎಂದು ಎಣಿಸಿದರೆ ನಿಟ್ಟುಸಿರಿಗೆ ಅಷ್ಟೇನೂ ಕಾರಣ ಕಾಣದು. 1862ರಲ್ಲಿ ಪೌರಮಂಡಳಿಯು ಸ್ಥಾಪಿತವಾದಾಗಲೂ ಅದರ ಪೀಠಗಳು ಗಣ್ಯರ ಪಾಲಾದುವು. ಚುನಾವಣೆಯು ಬಂದ ಮೇಲೂ ಕಂದಾಯ ಕಟ್ಟುವವನಿಗೆ ಮಾತ್ರ ಮತವಿದ್ದ ಕಾಲವು ಬಹಳ ದಿನ ನಡೆಯಿತು.

ಪೇಟೆಯನ್ನು ಒಡೆದು ಜನರನ್ನು ಬಯಲಿಗೆ ಅಟ್ಟಿದ್ದು ಪ್ಲೇಗು. 1898ರ ಆಗಸ್ಟಿನಲ್ಲಿ ರೈಲಿನ ದಾರಿಯಾಗಿ ಬೆಂಗಳೂರನ್ನು ಹೊಕ್ಕ ಆ ಮಾರಿಯು, ಗಾಳಿಬೆಳಕುಗಳಿಲ್ಲದ, ಗೋಡೆಗೆ ಗೋಡೆ ತಾಗಿದ, ಧಾನ್ಯದ ಮೂಟೆಗಳ ನಡುವೆ ಇಲಿಗಳು ಸ್ವೇಚ್ಛೆಯಾಗಿ ಸಂಚರಿಸುತ್ತಿದ್ದ ಓಣಿಗಳಲ್ಲಿ ಸಹಸ್ರಾರು ಪ್ರಾಣಗಳನ್ನು ತೆಗೆದುಕೊಂಡಾಗ, ಉಳಿದವರು ಮನೆಗೆ ಬೀಗವಿಕ್ಕಿ ಹೊಲಗಳಲ್ಲಿ ತಡಿಕೆಯ ಗುಡಿಸಲುಗಳನ್ನು ಹಾಕಿಕೊಂಡರು. ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳ ಯೋಜನೆಯು ಇದಕ್ಕಿಂತ ಕೆಲವು ವರ್ಷಗಳ ಮೊದಲೇ ಸಿದ್ಧವಾಗಿದ್ದಿತು. ಆದರೆ ಪೇಟೆಯ ಸುಖವನ್ನು ಬಿಟ್ಟು ನರಿಗಳು ಊಳಿಡುವ ಬಯಲಿಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಇಂಜಿನಿಯರರ ವಿನಂತಿಯಿಂದಾಗದ ಕೆಲಸವು ಇಲಿಯಿಂದಾಯಿತು. ನೇರವಾದ ಬೀದಿಗಳು, ಅಳತೆ ಮಾಡಿ ಕಲ್ಲು ನೆಟ್ಟ ನಿವೇಶನಗಳು, ಉದ್ಯಾನಕ್ಕೆಂದು ಬಿಟ್ಟ ಚೌಕಗಳು, ಇವೆಲ್ಲವೂ ನಿಜವಾಗಿಯೂ ಹಿತವಾದುವು; ಆ ಬೀದಿಗಳ ನೆರಳಿನಲ್ಲಿ ಬೆಳೆದ ನಾನು ಅವನ್ನು ಹಳಿದರೆ ಕೃತಘ್ನನಾದೇನು. ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಕಡೆಯಲ್ಲಿಯೂ ಸ್ಟೀಫನ್ಸ್ ಎಂಬ ಪೌರ ಇಂಜಿನಿಯರನು 1906ರಲ್ಲಿ ಆರಂಭವಾದ ಫ್ರೇಜರ್ ಟೌನಿನ ಮನೆಗಳನ್ನು ಇಲಿ ತೂರದ ತಳಪಾಯ, ಗಾಳಿಯಾಡುವ ಕಿಟಕಿ ಎಂದು ಮುತುವರ್ಜಿಯಿಂದ ಯೋಚಿಸಿ, 1914ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಪ್ರಕಟಿಸಿದನು.

ಆದರೆ ನಿವೇಶನಗಳನ್ನು ಹಂಚುವಾಗ ಜಾತಿಮತಗಳ ಎಣಿಕೆಯೂ ನಡೆಯಿತು. ಪೇಟೆಯ ಕುಲಭೇದವನ್ನು ಪ್ಲೇಗು ಕೊಲ್ಲಲಿಲ್ಲ. ಆ ಭೇದವು ಅಳತೆಗೋಲು ಹಿಡಿದು ಬಡಾವಣೆಗೂ ಬಂದಿತು. ಹಿತ್ತಿಲ ಓಣಿ ಹುಟ್ಟಿದ್ದೇ ಹೀಗೆ. ಪ್ರತಿ ಮನೆಯ ಹಿಂಗೋಡೆಯಲ್ಲಿದ್ದ ಗೂಡಿನಿಂದ ಮಲದ ಬಕೆಟ್ಟನ್ನು ಎಳೆದು, ತಲೆಯ ಮೇಲೋ ಗಾಡಿಯ ಮೇಲೋ ಸಾಗಿಸುವ ಮನುಷ್ಯನು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಅಷ್ಟಗಲದ ನೆಲವನ್ನು ನಕ್ಷೆಯಲ್ಲಿಯೇ ಮೀಸಲಿರಿಸಲಾಯಿತು.

ಪೌರಸಭೆಯ ಸದಸ್ಯನಿಗೆ ಈ ನಕ್ಷೆಗಳಲ್ಲಿ ಇದ್ದ ಪಾತ್ರವನ್ನು ಒಂದು ಕಚೇರಿಯ ಮಾತಿನಲ್ಲಿ ಹೇಳಿಬಿಡಬಹುದು: ಹಸ್ತಾಂತರ. ಬೆಂಗಳೂರಿಗೆ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂದಿತು. ಪೇಟೆಯನ್ನೂ ದಂಡನ್ನೂ ಒಂದುಗೂಡಿಸಿ ನಗರಪಾಲಿಕೆಯು ರಚಿತವಾದದ್ದು 1949ರಲ್ಲಿ. ಅಂದರೆ ಪಾಲಿಕೆಯ ಚುನಾಯಿತರ ಸಭೆಯು ಕಣ್ಣು ಬಿಡುವಷ್ಟರಲ್ಲಿಯೇ ನಕ್ಷೆಯ ಲೇಖನಿಯು ಬೋರ್ಡಿನ ಕೈಸೇರಿದ್ದಿತು. ಜಯನಗರವಾಗಲಿ ರಾಜಾಜಿನಗರವಾಗಲಿ ಆ ಲೇಖನಿಯಿಂದಲೇ ಇಳಿದುವು. 1976ರ ಕಾಯಿದೆಯಿಂದ ಬೋರ್ಡು ಪ್ರಾಧಿಕಾರವಾಯಿತು, ಲೇಖನಿಯು ಕೈ ಬದಲಾಯಿಸಲಿಲ್ಲ. ರೈತನಿಂದ ಹೊಲವನ್ನು ಪಡೆದು, ರಸ್ತೆಯನ್ನೆಳೆದು, ನಿವೇಶನಗಳನ್ನು ಹಂಚಿ ಮುಗಿದ ಮೇಲೆ ಬಡಾವಣೆಯು ಪಾಲಿಕೆಗೆ ಹಸ್ತಾಂತರವಾಗುತ್ತಿದ್ದಿತು. ಅಲ್ಲಿಂದ ಮುಂದೆ ಮೋರಿ ಕಟ್ಟಿದರೆ, ದೀಪ ಆರಿದರೆ, ನಲ್ಲಿ ಒಣಗಿದರೆ ಜನರು ಬಾಗಿಲು ತಟ್ಟುತ್ತಿದ್ದುದು ವಾರ್ಡಿನ ಸದಸ್ಯನದನ್ನು. ಮದುವೆಗೆ ಕರೆಯದೆ ನಾಮಕರಣಕ್ಕೆ ಖರ್ಚು ಕೇಳಿದಂತೆ ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಗುತ್ತಿದ್ದರು. ಧರ್ಮಾಂಬುಧಿಯ ಕೆರೆಯಂಗಳವು ಬಸ್ಸುಗಳ ನಿಲ್ದಾಣವಾದದ್ದೂ ಸಂಪಂಗಿ ಕೆರೆಯು ಕ್ರೀಡಾಂಗಣವಾದದ್ದೂ ವಾರ್ಡಿನ ಸಭೆಗಳಲ್ಲಿ ನಿಶ್ಚಯವಾದ ಸಂಗತಿಗಳಲ್ಲ. 1993ರ ಜೂನಿನಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿತಾದರೂ, ಸಮಿತಿಗೆ ಕುರ್ಚಿ ಸಿಕ್ಕಷ್ಟು ಸುಲಭವಾಗಿ ನಕ್ಷೆ ಸಿಕ್ಕಲಿಲ್ಲ.

ಆದುದರಿಂದ ಜನರು ತಾವೇ ನಿರ್ಣಯಿಸಬಹುದಾದ ನೆಲವೆಂದರೆ ನಕ್ಷೆಯು ಮರೆತುಬಿಟ್ಟ ನೆಲ. ಒಳಚರಂಡಿಯು ಬಂದು, 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಮಲ ಹೊರುವ ಪದ್ಧತಿಯು ನಿಷಿದ್ಧವಾದ ಮೇಲೆ, ಹಿತ್ತಿಲ ಓಣಿಗೆ ಕೆಲಸವಿಲ್ಲದಾಯಿತು. ನನ್ನ ವಾರ್ಡಿನ ಓಣಿಯಲ್ಲಿ ಒಬ್ಬರು ಒಗೆಯುವ ಕಲ್ಲನ್ನು ಹಾಕಿಸಿಕೊಂಡಿದ್ದರು, ಒಬ್ಬರು ಸೌದೆ ಒಟ್ಟಿದ್ದರು, ಮತ್ತೊಬ್ಬರ ಮಲ್ಲಿಗೆಯ ಚಪ್ಪರವು ನಿಧಾನವಾಗಿ ಸಿಮೆಂಟಿನ ಸ್ನಾನದ ಮನೆಯಾಗಿ ಪರಿಣಮಿಸಿದ್ದಿತು. ಓಣಿಯನ್ನು ಅಕ್ಕಪಕ್ಕದವರಿಗೆ ಮಾರಿಬಿಡಿ ಎಂದು ಅರ್ಧ ಜನ. ತೆರವು ಮಾಡಿಸಿ ಎಂದು ಅರ್ಧ ಜನ. ಒಂದು ಭಾನುವಾರ ಸಂಜೆ ಭಜನೆಯ ಮಂದಿರದಲ್ಲಿ ಎಲ್ಲರನ್ನೂ ಕೂಡಿಸಿದೆ. ಕ್ರಯಪತ್ರಗಳೂ ಖಾತೆಯ ನಕಲುಗಳೂ ಜಮಖಾನದ ಮೇಲೆ ಹರಡಿದುವು. ನಿವೃತ್ತ ಗುಮಾಸ್ತರೊಬ್ಬರು ತಮ್ಮ ತಂದೆಯ ಕಾಲದಿಂದ ಓಣಿಯನ್ನು ತಾವೇ ಗುಡಿಸಿಕೊಂಡು ಬಂದಿರುವುದರಿಂದ ಅದರ ಮೇಲೆ ತಮಗೆ ಹಕ್ಕುಂಟೆಂದು ವಾದಿಸುತ್ತಿರಲು, ಬಾಗಿಲ ಬಳಿ ಪೊರಕೆಯನ್ನು ಗೋಡೆಗಾನಿಸಿ ನಿಂತಿದ್ದ ಪೌರಕಾರ್ಮಿಕ ಹೆಂಗಸು, ಯಾರೂ ಕೇಳದೆಯೇ, "ನಮ್ಮತ್ತೆ ಓಡಾಡಿದ ದಾರಿ ಸ್ವಾಮಿ ಅದು. ಮುಂದಿನ ಬೀದೀಲಿ ಬರಗೊಡ್ತಿರಲಿಲ್ಲ" ಎಂದಳು.

ಯಾರೂ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಾರೋ ಕಾಫಿ ತರಿಸೋಣವೆಂದರು. ರಾತ್ರಿ ಒಂಬತ್ತರ ಹೊತ್ತಿಗೆ, ಓಣಿಯನ್ನು ಮಾರಕೂಡದು, ತೆರವು ಮಾಡಿ ನಡೆಯುವವರಿಗೆ ಬಿಡತಕ್ಕದ್ದು ಎಂದು ತೀರ್ಮಾನವಾಯಿತು. ಮಲ್ಲಿಗೆ ಚಪ್ಪರದವರು ಮಾತ್ರ ಮುನಿಸಿಕೊಂಡು ಮೊದಲೇ ಎದ್ದುಹೋಗಿದ್ದರು.

ಆ ಸಭೆಯ ನಡವಳಿ ಪುಸ್ತಕವನ್ನು ಈಚೆಗೆ ತೆರೆದು ನೋಡಿದೆ. ಸಹಿಗಳಿವೆ, ಗುಮಾಸ್ತರ ವಾದವು ಅರ್ಧ ಪುಟದಷ್ಟಿದೆ, ಕಾಫಿಯ ಲೆಕ್ಕವೂ ಇದೆ. ಆಕೆಯ ಮಾತಿರಬೇಕಾದಲ್ಲಿ, "ಸಭಿಕರೊಬ್ಬರು ಓಣಿಯ ಪೂರ್ವಸ್ಥಿತಿಯನ್ನು ತಿಳಿಸಿದರು" ಎಂಬ ಒಂದು ಪಂಕ್ತಿಯಿದೆ. ಅಕ್ಷರವು ನನ್ನದೇ.